ಹೊಸ್ತಿಲಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ

ನನ್ನ ತಂಗಿಯ ಗಂಡ ಲೆಶೆಕ್ ಜಗಳಗಂಟನಲ್ಲ. ಆ ಕೆಲಸ ನಮ್ಮಲ್ಲಿ ನನ್ನದು. ಲಿಂಕನ್‌ಶೈರಿನ ಎಲೆಕೋಸಿನ ಹೊಲಗಳಲ್ಲಿ ಇಬ್ಬರೂ ಒಂದೇ ಗುಂಪಿನಲ್ಲಿ ಕೊಯ್ಯುತ್ತೇವೆ. ಮೇಸ್ತ್ರಿ ಬೈದರೆ ನಾನು ಚಾಕು ನೆಲಕ್ಕೆ ಬಿಸಾಕುತ್ತೇನೆ, ಅವನು ಎತ್ತಿ ಒರೆಸಿ ಕೈಗೆ ಕೊಡುತ್ತಾನೆ. ನಮ್ಮ ಪೋಲೆಂಡಿನಲ್ಲಿ ಹಾಲಿನ ಲಾರಿ ಓಡಿಸಿಕೊಂಡು ಸುಖವಾಗಿದ್ದವನು. ಇಲ್ಲಿಗೆ ಬಂದದ್ದು ನನ್ನ ತಂಗಿ ಯೋಲಾ ಹಟ ಹಿಡಿದದ್ದಕ್ಕೆ. ಯೋಲಾ ಈಸ್ಟರಿಗೆ ಮುಂಚೆ ತೀರಿಕೊಂಡಳು. ಅವನಿಗೆ ಉಳಿದದ್ದು ಒಂದು ಬಾಡಿಗೆ ಮನೆ, ಏಳು ವರ್ಷದ ಮಗಳು ಕಿಂಗಾ.

ಕತ್ತಲಿರುವಾಗಲೇ ನಮ್ಮ ವ್ಯಾನು ಬರುತ್ತದೆ. ಲೆಶೆಕ್ ಹಾಲು ಬ್ರೆಡ್ಡು ಮೇಜಿನ ಮೇಲಿಟ್ಟು, ಅಲಾರಾಂ ಇಟ್ಟು ಹೊರಡುತ್ತಿದ್ದ. ಹುಡುಗಿ ತಾನೇ ಎದ್ದು ತಾನೇ ಶಾಲೆಗೆ ಹೋಗುತ್ತಿತ್ತು. ನನ್ನ ಹತ್ತಿರ ಇಟ್ಟುಕೊಳ್ಳೋಣವೆಂದರೆ ನಾನಿರುವುದು ಹೊಲದ ಅಂಚಿನ ಡಬ್ಬಿಯಂಥ ಗಾಡಿಮನೆಯಲ್ಲಿ, ಕುಡಿಯುವ ಗಂಡಸರ ಜೊತೆ. ಕಿಂಗಾ ತರಗತಿಯಲ್ಲಿ ನಿದ್ದೆ ಮಾಡುತ್ತಾಳೆಂದು ಶಾಲೆಯವರು ಮಕ್ಕಳ ರಕ್ಷಣೆಯ ಕಚೇರಿಗೆ ತಿಳಿಸಿದರು. ಅಲ್ಲಿಂದ ಪ್ರೆಂಟಿಸ್ ಎಂಬ ಹೆಂಗಸು ವಿಚಾರಿಸಲು ಬಂದಳು.

ಅವಳು ಬಾಗಿಲ ಹೊರಗೆ ನಿಂತು, ನಗುತ್ತಾ ಕೈ ಚಾಚಿದಳು.

ನಮ್ಮಲ್ಲಿ ಹೊಸ್ತಿಲ ಆಚೆ ಈಚೆ ನಿಂತು ಕೈ ಕುಲುಕಿದರೆ ಮನೆಗೆ ಕೇಡು, ಇಬ್ಬರಿಗೂ ಜಗಳ. ಒಂದೋ ನಾವು ಹೊರಗೆ ಬರಬೇಕು, ಇಲ್ಲ ಬಂದವರು ಒಳಗೆ ಬರಬೇಕು. ಹೆಂಡತಿ ಸತ್ತ ಮನೆ ಬೇರೆ. ಲೆಶೆಕ್ ಆ ಚಾಚಿದ ಕೈ ಹಿಡಿದವನೇ ಗಬಕ್ಕನೆ ಒಳಗೆ ಎಳೆದುಕೊಂಡ. ಅವಳು ಎಡವಿ ಮುಗ್ಗರಿಸಿ ಬಿದ್ದಳು. ಮಣಿಕಟ್ಟು ಮುರಿಯಿತು. ಕಾರಿನಲ್ಲಿ ಕೂತಿದ್ದ ಜೊತೆಗಾತಿಗೆ ಕಂಡದ್ದು, ಒಬ್ಬ ದಾಂಡಿಗ ಹೆಂಗಸನ್ನು ಮನೆಯೊಳಗೆ ಎಳೆದುಕೊಂಡದ್ದು.

ಪೊಲೀಸರು ಬಂದರು. ಫೋನಿನಲ್ಲಿ ಒಬ್ಬ ದುಭಾಷಿ ಸಿಕ್ಕಿದ. ಲೆಶೆಕ್ ಬೆವರುತ್ತಾ ಎಲ್ಲವನ್ನೂ ಹೇಳಿದ: ಹೊಸ್ತಿಲು, ಅದನ್ನು ಕಲಿಸಿದ ಅಜ್ಜಿ, ಯೋಲಾ. ಆ ದುಭಾಷಿ ಪುಣ್ಯಾತ್ಮ ಅಷ್ಟನ್ನೂ ಕೇಳಿ ಇಂಗ್ಲಿಷಿನಲ್ಲಿ ಒಂದೇ ಮಾತು ಹೇಳಿದ: ತಪ್ಪಾಯ್ತಂತೆ. ಅಂದರೆ ಒಪ್ಪಿಕೊಂಡಂತಾಯಿತು. ನಾನು ಅಲ್ಲಿದ್ದಿದ್ದರೆ ಆ ಫೋನನ್ನು ಗೋಡೆಗೆ ಬಡಿಯುತ್ತಿದ್ದೆ.

ಮಕ್ಕಳ ಕಚೇರಿಯವರು ಗುರುವಾರ ಸಭೆ ಎಂದರು. ಮಗಳನ್ನು ಇವನ ಹತ್ತಿರ ಬಿಡುವುದೋ ಬೇಡವೋ ಎಂದು ಅಲ್ಲಿ ತೀರ್ಮಾನ.

"ಈ ಸಲ ದುಭಾಷಿ ಬೇಡ ಬಾವ," ಅಂದ ಲೆಶೆಕ್. "ನಾನೇ ಹೇಳ್ತೀನಿ."

"ನೀನಾ? ನಿಂಗೆ ಬರೋದು 'ಯೆಸ್ ಬಾಸ್' ಒಂದೇ."

"ಕಲೀತೀನಿ. ಹೊಸ್ತಿಲಿಗೆ ಏನಂತಾರೆ, ಅದೊಂದು ಬೇಕು."

ಕಿಂಗಾಳನ್ನು ಕೇಳಿದ. ಅದು ಬ್ರೆಡ್ಡು ಅಗಿಯುತ್ತಾ, "ಟೀಚರ್ ಹೇಳಿಕೊಟ್ಟಿಲ್ಲ ಅಪ್ಪಾ. ಕಿಟಕಿ ಬೇಕಾದ್ರೆ ಹೇಳ್ತೀನಿ," ಅಂತು. ಮಾರನೆಯ ದಿನ ಹೊಲದ ಚಹಾ ಷೆಡ್ಡಿನ ಬಾಗಿಲಲ್ಲಿ ಲೆಶೆಕ್ ಮಂಡಿಯೂರಿ ಕೂತು, ಕೆಳಗಿನ ಮರದ ಪಟ್ಟಿ ತಟ್ಟಿ ತಟ್ಟಿ ತೋರಿಸಿದ. ನಮ್ಮ ಹುಡುಗರು ಬಿದ್ದು ಬಿದ್ದು ನಕ್ಕರು.

"ಏನಯ್ಯಾ ಲೆಶೆಕ್, ಹೊಸ್ತಿಲಿಗೆ ಪ್ರಾರ್ಥನೆನಾ?"

ಮೇಸ್ತ್ರಿ "ಸ್ಟೆಪ್" ಅಂದ. ಟ್ರ್ಯಾಕ್ಟರಿನ ಮುದುಕ ನಾರ್ಮನ್ ಚಹಾದ ಲೋಟ ಕೆಳಗಿಟ್ಟು, ಅಲ್ಲ ಎಂದು ತಲೆಯಾಡಿಸಿ, ನಿಧಾನವಾಗಿ "ಥ್ರೆಶೋಲ್ಡ್" ಅಂದ.

"ಸ್ಟೆಪ್ ಅಂತಾನೇ ಹೇಳಿ ಮುಗಿಸೋ ಮಾರಾಯ," ಅಂದೆ ನಾನು. "ಆ ಇನ್ನೊಂದನ್ನ ಹೇಳೋಕೆ ಹೋದ್ರೆ ನಿನ್ನ ನಾಲಿಗೆ ಉಳುಕುತ್ತೆ."

"ಸ್ಟೆಪ್ ಅಂದ್ರೆ ಮೆಟ್ಟಿಲು ಬಾವ. ಮೆಟ್ಟಿಲ ಮೇಲೆ ಕೈ ಕುಲುಕಿದ್ರೆ ಯಾರಿಗೇನು? ಅವರು ನನ್ನ ಹುಚ್ಚ ಅಂದ್ಕೋತಾರೆ."

ಆಮೇಲೆ ದಿನವಿಡೀ ಅದೇ. ಬಗ್ಗಿ ಕೋಸಿನ ಬುಡ ಕಡಿಯುವಾಗ ಅದೇ ಮಾತು, ನೆಟ್ಟಗೆ ನಿಂತಾಗ ಅದೇ. ಹಲ್ಲುಗಳ ನಡುವೆ ನಾಲಿಗೆಯ ತುದಿ ಇಡಬೇಕಂತೆ. ಇಟ್ಟು ಕಚ್ಚಿಕೊಂಡು ಉಗುಳಿದರೆ ರಕ್ತ. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಸಿಟ್ಟನ್ನೇ ತೋರಿಸಿದೆ. "ಸಾಕು ನಿಲ್ಸೋ!" ಎಂದು ಕೂಗಿದೆ. ಅವನು ತಲೆ ಎತ್ತಲಿಲ್ಲ. "ಥ್ರೆಶೋಲ್ಡ್" ಅಂದ, ಇನ್ನೊಂದು ಕೋಸು ಕಡಿದ.

ಗುರುವಾರ ಲೆಶೆಕ್ ಇಸ್ತ್ರಿ ಅಂಗಿ ಹಾಕಿಕೊಂಡು ಬಂದ, ಜೊತೆಗೆ ನಾನೂ ಹೋದೆ. ಮದುವೆಯ ಅಂಗಿ ಅದು, ಕುತ್ತಿಗೆಯ ಹತ್ತಿರ ದೊಗಲೆಯಾಗಿತ್ತು. ಉದ್ದನೆಯ ಮೇಜಿನ ಆಚೆ ಸಭೆ ನಡೆಸುವ ಬೋಳುತಲೆಯವನು, ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಪ್ರೆಂಟಿಸ್, ಶಾಲೆಯ ಒಬ್ಬಳು. ಗೋಡೆಯ ಬದಿಗೆ ಒಬ್ಬ ಪೋಲಿಷ್ ಹುಡುಗಿ, ದುಭಾಷಿ. ಬೇಡವೆಂದರೂ ಕರೆಸಿದ್ದರು. ಅಲ್ಲಿ ಇಂಗ್ಲಿಷಿನಲ್ಲಿ ಆಡಿದ್ದೆಲ್ಲ ನನಗೆ ತಿಳಿದದ್ದು ಆಮೇಲೆ ಅವಳಿಂದ. ಲೆಶೆಕ್ ಅವಳಿಗೆ ಸುಮ್ಮನಿರು ಎಂದು ಕೈಸನ್ನೆ ಮಾಡಿ ಎದ್ದು ನಿಂತ.

ಹೇಳಿದ. ನನ್ನ ದೇಶ. ಕೈ ಇಲ್ಲ. ಥ್ರೆಶೋಲ್ಡ್. ಕೆಟ್ಟದ್ದು. ಒಳಗೆ ಬನ್ನಿ, ಒಳ್ಳೆಯದು. ನಾರ್ಮನ್ ಹೇಳಿದಷ್ಟೇ ಚೆನ್ನಾಗಿ ಹೇಳಿದ, ನಾನು ಕೇಳಿದ್ದೇನೆ.

ಪ್ರೆಂಟಿಸ್ ಮುಖ ಸಡಿಲಾಯಿತು. ಅರ್ಥವಾಯಿತು, ತನಗೆ ಈ ಪದ್ಧತಿ ಗೊತ್ತಿರಲಿಲ್ಲ, ಎಳೆದದ್ದರಲ್ಲಿ ಕೆಟ್ಟ ಉದ್ದೇಶವಿರಲಿಲ್ಲವೆಂದು ನಂಬುವುದಾಗಿ ಹೇಳಿದಳು. ಅಷ್ಟಕ್ಕೆ ಆ ವಿಷಯ ಮುಗಿದೇ ಹೋಯಿತು. ಪಕ್ಕದಲ್ಲಿ ಕೂತಿದ್ದ ನಾನು ಅವನ ಕೈ ಹಿಂಡಿದೆ.

ಆಗ ಬೋಳುತಲೆಯವನು ಕೇಳಿದ: ಬೆಳಿಗ್ಗೆ ನೀವು ಹೊರಟ ಮೇಲೆ ಕಿಂಗಾ ಜೊತೆ ಮನೆಯಲ್ಲಿ ಯಾರಿರುತ್ತಾರೆ?

ಲೆಶೆಕ್ ಅವನ ಬಾಯನ್ನೇ ನೋಡಿದ. ತನ್ನ ಮಾತು ಅವನಿಗೆ ತಿಳಿಯಲಿಲ್ಲ ಎಂದುಕೊಂಡನೋ ಏನೋ, ಮತ್ತೆ ಮೊದಲಿನಿಂದ ಶುರು ಮಾಡಿದ. ನನ್ನ ದೇಶ. ಕೈ ಇಲ್ಲ. ಥ್ರೆಶೋಲ್ಡ್. ಅವನು ಅದೇ ಪ್ರಶ್ನೆಯನ್ನು ಇನ್ನೂ ಮೆಲ್ಲಗೆ ಕೇಳಿದ. ಇವನು ಅದೇ ಉತ್ತರವನ್ನು ಇನ್ನೂ ಜೋರಾಗಿ ಹೇಳಿದ. ಪ್ರೆಂಟಿಸ್ ತಲೆ ತಗ್ಗಿಸಿದಳು. ನನಗೆ ತಡೆಯಲಾಗಲಿಲ್ಲ, ಮೇಜು ಕುಟ್ಟಿದೆ.

"ಏ ಹುಡುಗಿ! ಅವನು ಏನ್ ಕೇಳ್ತಿದಾನೆ ಅಂತ ಇವನಿಗೆ ಹೇಳೇ!"

ಅವಳು ಬಂದು ಪಕ್ಕದಲ್ಲಿ ಕೂತು, "ಅಣ್ಣಾ, ಬೆಳಿಗ್ಗೆ ಮಗು ಹತ್ರ ಯಾರಿರ್ತಾರೆ ಅಂತ ಕೇಳ್ತಿದಾರೆ," ಅಂದಳು.

ಲೆಶೆಕ್ ಕುಳಿತ. ಸುಳ್ಳು ಹೇಳಬಹುದಿತ್ತು. ಪಕ್ಕದ ಮನೆಯ ಹೆಂಗಸಿನ ಹೆಸರನ್ನು ನಾನು ಅವನ ಕಿವಿಯಲ್ಲಿ ಉಸುರಿದೆ ಕೂಡ.

"ಯಾರೂ ಇರಲ್ಲಮ್ಮ," ಅಂದ.

ಮಗು ಶಾಲೆಗೆ ಹೊರಟ ಮೇಲೆ ಶುರುವಾಗುವ ಹಗಲು ಪಾಳಿಯ ಕೆಲಸ ಸಿಗುವವರೆಗೆ ಕಿಂಗಾ ಬೇರೊಬ್ಬರ ಮನೆಯಲ್ಲಿರಬೇಕು ಎಂದಾಯಿತು. ಒಳ್ಳೆಯ ಜನವಂತೆ, ನಾಯಿಯೂ ಇದೆಯಂತೆ. ಶನಿವಾರ ಕಾರು ಬಂದು ಕರೆದುಕೊಂಡು ಹೋಯಿತು. ಹುಡುಗಿ ಅಳಲಿಲ್ಲ. "ಅಪ್ಪಂಗೆ ಅಲಾರಾಂ ಇಡೋದು ನೀವೇ ನೋಡ್ಕೊಳ್ಳಿ ಮಾವ," ಎಂದು ನನಗೆ ಹೇಳಿತು.

ಸೋಮವಾರ ವ್ಯಾನು ಹತ್ತಲಿಲ್ಲ ಲೆಶೆಕ್. ಊರ ಹೊರಗೆ ಸೊಪ್ಪು ತೊಳೆದು ಪೊಟ್ಟಣ ಕಟ್ಟುವ ಕಾರ್ಖಾನೆಯಿದೆ, ಅಲ್ಲಿ ಹಗಲು ಪಾಳಿ. ನಾನೂ ಕೆಲಸ ತಪ್ಪಿಸಿ ಜೊತೆಗೆ ಹೋದೆ. ಆಫೀಸಿನೊಳಗೆ ಒಬ್ಬರನ್ನೇ ಬಿಟ್ಟರು. ಗಾಜಿನಾಚೆ ಅವನು ಕೂತದ್ದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಎದುರಿನ ಹೆಂಗಸು ಇಲ್ಲವೆಂದು ತಲೆಯಾಡಿಸಿದಳು. ಅವನು ಎರಡೂ ಕೈ ಆಡಿಸುತ್ತಾ ಏನೋ ಹೇಳಿದ. ಮತ್ತೆ ಇಲ್ಲವೆಂದಳು. ಆಮೇಲೆ ಎದ್ದು, ಬಾಗಿಲು ತೆರೆದು, ಹೋಗಿ ಎಂಬಂತೆ ಹಿಡಿದುಕೊಂಡು ನಿಂತಳು.

ಅವನು ಕುರ್ಚಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ. ಏಳಲಿಲ್ಲ.