ಧರ್ಮೇಂದ್ರನ ಬ್ಯಾಗಿನ ಭಾರ

ಕಿವಿ ಮಂದವಾದವರನ್ನು ಹುಡುಕಿಕೊಂಡು ಊರೂರು ತಿರುಗುವುದೇ ಧರ್ಮೇಂದ್ರನ ಉದ್ಯೋಗವಾಗಿತ್ತು. ಕಿವಿಗೆ ಹಾಕುವ ಮಿಷನ್ ಮಾರುವ ಕಂಪನಿಯೊಂದರ ಶಾಖೆ ಹಾಸನದಲ್ಲಿತ್ತು. ಅವನು ಅಲ್ಲಿಯ ಟೆಕ್ನಿಷಿಯನ್. ಸೋಮವಾರ ಹೊಳೆನರಸೀಪುರ, ಬುಧವಾರ ಅರಕಲಗೂಡು, ಶುಕ್ರವಾರ ಚನ್ನರಾಯಪಟ್ಟಣ. ಯಾವ ಊರಿಗೆ ಹೋದರೂ ಕನ್ನಡಕದಂಗಡಿಯದೋ ಮೆಡಿಕಲ್ ಸ್ಟೋರಿನದೋ ಹಿಂದಿನ ಕೋಣೆ, ಒಂದು ಮೇಜು, ಎರಡು ಕುರ್ಚಿ. ಬಂದವರ ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿಸಿದಾಗ ಬೆರಳೆತ್ತಿ ಎನ್ನುತ್ತಿದ್ದ. ತುಟಿ ಕಾಣದಂತೆ ಬಾಯಿಗೆ ರಟ್ಟು ಅಡ್ಡ ಹಿಡಿದು ಮರ, ಹಾಲು, ಕೊಡೆ ಎಂದು ಹೇಳಿ, ಅವರಿಂದ ಹೇಳಿಸುತ್ತಿದ್ದ. ಆಮೇಲೆ ಮಿಷನ್ನನ್ನು ಲ್ಯಾಪ್‌ಟಾಪಿಗೆ ವೈರಿನಲ್ಲಿ ಜೋಡಿಸಿ ಅವರವರ ಕಿವಿಗೆ ತಕ್ಕಷ್ಟು ಸದ್ದನ್ನು ಕೂರಿಸುತ್ತಿದ್ದ. ಲ್ಯಾಪ್‌ಟಾಪ್ ಇಲ್ಲದಿದ್ದರೆ ಆ ಕೆಲಸವೇ ಇಲ್ಲ.

ಈ ಕೆಲಸಕ್ಕೆ ಅವನನ್ನು ಎಳೆದದ್ದು ಅಪ್ಪ. ಹಳ್ಳಿಮೈಸೂರಿನ ಮಂಚಯ್ಯ ಅಕ್ಕಿ ಗಿರಣಿಯ ಸದ್ದಿನಲ್ಲಿ ಮೂಟೆ ಹೊತ್ತೂ ಹೊತ್ತೂ ನಡುವಯಸ್ಸಿಗೇ ಕಿವುಡಾಗಿದ್ದ. ಮನೆಯಲ್ಲಿ ಯಾರು ಏನು ಕೂಗಿದರೂ ಸುಮ್ಮನೆ ನಗುತ್ತಿದ್ದ. ಮಗ ಮೈಸೂರಿನಲ್ಲಿ ಕಿವಿ ಪರೀಕ್ಷೆಯ ಡಿಪ್ಲೊಮಾ ಮುಗಿಸಿ ಬಂದು, ಮೊದಲ ಮಿಷನ್ನನ್ನು ಅಪ್ಪನ ಕಿವಿಗೇ ಹಾಕಿದ. ಮಂಚಯ್ಯ ಮಗನ ಮಾತು ಕೇಳಿಸಿಕೊಂಡು, "ನಿನ್ ದನಿ ಇಂಗದೆ ಅಂತ ಗೊತ್ತೇ ಇರ್ನಿಲ್ಲ ಕಣ್ಲಾ" ಎಂದಿದ್ದ. ಅಪ್ಪ ತೀರಿಕೊಂಡ ಮೇಲೂ ಆ ಮಾತಿನ ಬಲದಲ್ಲೇ ಧರ್ಮೇಂದ್ರ ಬಸ್ಸು ಹತ್ತುತ್ತಿದ್ದ.

ಹೆಂಡತಿ ಭಾನುಪ್ರಿಯಾಳಿಗೆ ಶಾಂತಿಗ್ರಾಮದ ಹಾಲಿನ ಡೈರಿಯಲ್ಲಿ ಕೆಲಸ. ಅದಕ್ಕೇ ಇಬ್ಬರೂ ಶಾಂತಿಗ್ರಾಮದಲ್ಲಿ ಮನೆ ಮಾಡಿದ್ದರು. ಮಕ್ಕಳಿರಲಿಲ್ಲ. ಅದರ ಕೊರಗು ಇಬ್ಬರಿಗೂ ಹಳೆಯದಾಗಿತ್ತು.

ಕಳೆದ ವರ್ಷ ಯುಗಾದಿ ಕಳೆದ ಮೇಲೆ ಧರ್ಮೇಂದ್ರನಿಗೆ ಬ್ಯಾಗು ಭಾರ ಅನಿಸತೊಡಗಿತು. ಬಲಗೈ ಸೋಲುತ್ತಿತ್ತು. ಬಸ್ಸಿನ ಮೆಟ್ಟಿಲು ಹತ್ತುವಾಗ ಬ್ಯಾಗು ಕೈಜಾರಿ ಹಿಂದಿನವರ ಕಾಲ ಮೇಲೆ ಬಿದ್ದದ್ದೂ ಉಂಟು. ಕಂಪನಿ ಕೊಟ್ಟಿದ್ದ ಲ್ಯಾಪ್‌ಟಾಪು ಹಳೆಯದು, ಒಳ್ಳೇ ಚಪ್ಪಡಿ ಕಲ್ಲಿನಂತಿತ್ತು. ತಪ್ಪೆಲ್ಲ ಅದರದೇ ಎಂದುಕೊಂಡು, ಬೆಂಗಳೂರಿನಲ್ಲಿದ್ದ ಮ್ಯಾನೇಜರ್ ಶಶಿಕಿರಣ್ ಅವರಿಗೆ ಫೋನಿನಲ್ಲಿ ಹೇಳಿಕೊಂಡ. ಕೆಲವು ದಿನಕ್ಕೆ ಹೊಸ ಲ್ಯಾಪ್‌ಟಾಪೊಂದು ಕೊರಿಯರಿನಲ್ಲಿ ಬಂತು. ಹಿಂದೆಯೇ ಮ್ಯಾನೇಜರರ ಫೋನೂ ಬಂತು.

"ಧರ್ಮೇಂದ್ರ ಅವ್ರೇ, ಇದು ಕಡಿಮೆ ಬೆಲೇದು, ಹಗುರ ಇದೆ. ಟೂರ್ ಮಾಡೋ ಸ್ಟಾಫ್‌ಗೆಲ್ಲ ಇದನ್ನೇ ಕೊಡೋಣ ಅಂತ ಯೋಚನೆ. ಬಸ್ಸಲ್ಲಿ ಜಾಸ್ತಿ ಓಡಾಡೋರು ನೀವು. ಒಂದಷ್ಟು ದಿನ ಉಪಯೋಗಿಸಿ, ಹೇಗಿದೆ ಅಂತ ಬರೆದು ಕಳಿಸಿ. ನೀವು ಸರಿ ಅಂದ್ರೆ ತಗೊಳ್ತೀವಿ."

"ಆಗ್ಲಿ ಸಾ, ನೋಡಿ ಬರೀತೀನಿ" ಎಂದ ಧರ್ಮೇಂದ್ರ.

ಕಂಪನಿಯಲ್ಲಿ ಅವನ ಅಭಿಪ್ರಾಯವನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ಆ ಕೆಲಸವನ್ನು ಅವನು ಪರೀಕ್ಷೆ ಬರೆಯುವ ಹುಡುಗನ ಶ್ರದ್ಧೆಯಿಂದ ಹಿಡಿದ. ಅರಕಲಗೂಡಿನಲ್ಲಿ ಕರೆಂಟು ಹೋದ ದಿನ ಚಾರ್ಜರನ್ನು ಹೊರಗೇ ತೆಗೆಯದೆ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆಂದು ನೋಡಿದ. ಸಂಜೆಯ ಬಸ್ಸಿನವರೆಗೂ ಬಂತು. ಬಸ್ಸಿನ ಕಿಟಕಿ ಪಕ್ಕ ಕುಳಿತರೆ ಬಿಸಿಲಿಗೆ ಪರದೆ ಕಾಣುತ್ತಿರಲಿಲ್ಲ. ವೈರು ಚುಚ್ಚಲು ತೂತುಗಳು ಕಡಿಮೆ. ಮಿಷನ್ ಜೋಡಿಸಿದರೆ ರಿಪೋರ್ಟ್ ತೆಗೆಯುವ ಪುಟ್ಟ ಪ್ರಿಂಟರಿಗೆ ಜಾಗವಿಲ್ಲ. ಆದರೆ ಅವನಿಗೆ ಬಹಳ ಹಿಡಿಸಿದ ಗುಣ ಇನ್ನೊಂದಿತ್ತು. ಅದರೊಳಗೆ ಫ್ಯಾನೇ ಇರಲಿಲ್ಲ. ಹಳೆಯ ಲ್ಯಾಪ್‌ಟಾಪಿನ ಫ್ಯಾನು ಗುಂಯ್ ಎಂದು ಶುರುವಾದರೆ, ಪರೀಕ್ಷೆಗೆ ಕುಳಿತ ಅಜ್ಜಂದಿರು ಆ ಸದ್ದಿಗೇ ಬೆರಳೆತ್ತಿಬಿಡುತ್ತಿದ್ದರು. ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ಲಾರಿಗಳು ಹಾದುಹೋಗಲೆಂದು ಕಾಯುವುದು ಹೇಗೂ ಇದ್ದೇ ಇತ್ತು. ಲ್ಯಾಪ್‌ಟಾಪಿನ ಫ್ಯಾನು ನಿಲ್ಲಲೆಂದು ಕಾಯುವುದಾದರೂ ತಪ್ಪಿತು.

ಮೊದಲ ಕೆಲವು ವಾರ ಬ್ಯಾಗು ಹೂವಿನಂತಿತ್ತು. ಆ ಖುಷಿಯಲ್ಲಿ ಅವನು ಹೊಳೆನರಸೀಪುರದಲ್ಲಿ ಬಸ್‌ಸ್ಟ್ಯಾಂಡಿನಿಂದ ಆಟೋ ಹಿಡಿಯದೆ ನಡೆದೇ ಹೋಗುತ್ತಿದ್ದ.

ಆಮೇಲೆ ಬ್ಯಾಗು ಮತ್ತೆ ಭಾರವಾಗತೊಡಗಿತು.

ಅವನು ಅದರಿಂದ ಮೊದಲು ನೀರಿನ ಬಾಟಲಿ ತೆಗೆದ. ಬಳಿಕ ಊಟದ ಡಬ್ಬಿ ತೆಗೆದು ಹೋಟೆಲಿನಲ್ಲಿ ತಿನ್ನತೊಡಗಿದ. ಪ್ರಿಂಟರನ್ನು ಅರಕಲಗೂಡಿನ ಅಂಗಡಿಯಲ್ಲೇ ಬಿಟ್ಟು ಬಂದ. ಕಡೆಗೆ ಲ್ಯಾಪ್‌ಟಾಪು, ವೈರು, ನಾಲ್ಕಾರು ಮಿಷನ್ನು ಬಿಟ್ಟರೆ ಬ್ಯಾಗಿನಲ್ಲಿ ಏನೂ ಉಳಿಯಲಿಲ್ಲ. ಆದರೂ ಕೈ ಸೋಲುತ್ತಿತ್ತು. ಕಡಲೆಬೇಳೆಯಷ್ಟೂ ಇಲ್ಲದ ಬ್ಯಾಟರಿಯನ್ನು ಮಿಷನ್ನಿಗೆ ಹಾಕಲು ಹೋದರೆ ಬೆರಳಿಗೆ ಹಿಡಿತ ಸಿಗುತ್ತಿರಲಿಲ್ಲ. "ತಕಳಿ ಸಾ, ನಾನೇ ಆಕ್ಕತೀನಿ" ಎಂದು ಕಿವಿ ಕೇಳದ ಮುದುಕರೇ ಅದನ್ನು ಇಸಿದುಕೊಂಡು ಹಾಕಿಕೊಳ್ಳುತ್ತಿದ್ದರು. ರಾತ್ರಿ ತೋಳಿನ ಚರ್ಮದಡಿ ಹುಳು ಹರಿದಂತೆ ಮಿಡಿಯುತ್ತಿತ್ತು. ಅದನ್ನು ಅವನು ಯಾರಿಗೂ ಹೇಳಲಿಲ್ಲ.

ಶಶಿಕಿರಣ್ ಅವರಿಗೆ ಬರೆದ ವರದಿಯಲ್ಲಿ ಎಲ್ಲವನ್ನೂ ಬರೆದು, ಕೊನೆಗೆ, ಹೇಳಿದಷ್ಟು ಹಗುರವಾಗಿಲ್ಲ, ಹೊರುವುದು ಕಷ್ಟ ಎಂದು ಸೇರಿಸಿದ. ಮಾರನೆಯ ದಿನವೇ ಫೋನು ಬಂತು.

"ಏನ್ರೀ ಇದು? ಕಾಲೇಜು ಹುಡುಗೀರು ಪುಸ್ತಕದ ಥರ ಹಿಡ್ಕೊಂಡು ಹೋಗೋ ಲ್ಯಾಪ್‌ಟಾಪು. ಭಾರ ಅಂತ ಬರ್ದಿದೀರಲ್ಲ?"

"ಭಾರಾನೇ ಅದೆ ಸಾ."

"ಇನ್ನೊಂದ್ಸಲ ನೋಡಿ ಬರೀರಿ."

ಧರ್ಮೇಂದ್ರನಿಗೆ ಅವಮಾನವಾಯಿತು. ತಾನು ಸುಳ್ಳು ಬರೆದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಅಂದು ಸಂಜೆ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ನೇರ ಡೈರಿಗೆ ಹೋದ. ಹಾಲು ಹಾಕುವವರೆಲ್ಲ ಹೊರಟುಹೋಗಿದ್ದರು. ಭಾನುಪ್ರಿಯಾ ನೆಲ ತೊಳೆಸಿ, ಬಾಗಿಲು ಹಾಕುವುದರಲ್ಲಿದ್ದಳು.

"ಇದನ್ನ ತೂಕಕ್ಕೆ ಆಕು ಭಾನು" ಎಂದ.

ಅವಳು ನಗುತ್ತ ಹಾಲಿನ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟಳು. ಕೆಂಪು ಅಂಕಿಗಳು ಮೂಡಿದವು.

"ಕಂಪ್ನಿಯೋರು ಏಳಿದಂಗೆ ಅಗುರಾನೇ ಅದೆ ಕಣ್ರೀ. ಒಂದೂವರೆ ಲೀಟ್ರು ಆಲಿನಷ್ಟೂ ಇಲ್ಲ."

"ನಿನ್ ತಕ್ಕಡಿ ಸರಿ ಇಲ್ಲ."

"ಊರೆಲ್ಲ ಇದ್ರಾಗೆ ಆಲು ಆಕ್ತಾರೆ" ಎಂದು ಅವಳು ಲ್ಯಾಪ್‌ಟಾಪನ್ನು ಎರಡು ಬೆರಳಲ್ಲಿ ಎತ್ತಿ ಅವನ ಕಡೆಗೆ ಚಾಚಿದಳು. ಅವನು ಬಲಗೈ ಒಡ್ಡಿದ. ಕೈ ನಿಧಾನವಾಗಿ ಕೆಳಗಿಳಿಯಿತು. ಅವಳು ತಟ್ಟನೆ ಲ್ಯಾಪ್‌ಟಾಪನ್ನು ಹಿಡಿದುಕೊಂಡಳು. ಮುಖದ ನಗು ಹೋಗಿತ್ತು.

"ಎಲ್ಲಿ, ಕೈ ತೋರ್ಸಿ."

ಟ್ಯೂಬ್‌ಲೈಟಿನ ಕೆಳಗೆ ಎರಡೂ ಕೈಗಳನ್ನು ಪಕ್ಕಪಕ್ಕ ಇಟ್ಟು ನೋಡಿದಳು. ಬಲಗೈಯ ಹೆಬ್ಬೆರಳಿನ ಬುಡದಲ್ಲಿ ಇರಬೇಕಾದ ಮಾಂಸ ಇರಲಿಲ್ಲ. ಅಲ್ಲಿ ಕುಳಿ ಬಿದ್ದಿತ್ತು.

"ಇದು ಯಾವಾಗ್ನಿಂದ ಇಂಗಾಯ್ತು?"

ಅವಳು ದೀಪ ಆರಿಸಿ ಬೀಗ ಹಾಕಿದಳು. ಲ್ಯಾಪ್‌ಟಾಪನ್ನು ಅವಳೇ ಹಿಡಿದುಕೊಂಡು ಮನೆಗೆ ನಡೆದಳು.

ಹಾಸನದ ಡಾಕ್ಟರು ಕತ್ತಿನ ಎಲುಬಿನ ಫೋಟೊ ತೆಗೆಸಿ ನೋಡಿ, ಬೆಂಗಳೂರಿಗೆ ಬರೆದುಕೊಟ್ಟರು. ಅಲ್ಲಿಯ ನರರೋಗದ ಡಾಕ್ಟರು ತೋಳಿಗೆ, ತೊಡೆಗೆ, ನಾಲಿಗೆಗೂ ಸೂಜಿ ಚುಚ್ಚಿ ಪರೀಕ್ಷೆ ಮಾಡಿದರು. ಅವರು ಮೆತ್ತಗೆ ಮಾತಾಡುವ ಹೆಂಗಸು. ಮೈಯ ಮಾಂಸಖಂಡಗಳಿಗೆ ಅಪ್ಪಣೆ ಕೊಡುವ ನರಗಳು ಒಂದೊಂದಾಗಿ ಸಾಯುತ್ತಿವೆ ಎಂದರು. ಒಂದು ಮಾತ್ರೆ ಇದೆ, ಅದು ಸ್ವಲ್ಪ ಕಾಲ ತಳ್ಳುತ್ತದೆ, ನಿಲ್ಲಿಸುವುದಿಲ್ಲ ಎಂದರು.

"ಕೈಗೆ ಮಾತ್ರವಾ ಮೇಡಂ?" ಎಂದು ಭಾನುಪ್ರಿಯಾ ಕೇಳಿದಳು.

"ಕೈಯಲ್ಲಿ ಶುರುವಾಗಿದೆ ಅಷ್ಟೇ" ಎಂದರು ಅವರು.

ವಾಪಸು ಬರುವಾಗ ಚನ್ನರಾಯಪಟ್ಟಣದಲ್ಲಿ ಬಸ್ಸು ನಿಂತಾಗ ಅವಳು ಇಳಿದು ಟೀ ತಂದಳು. ಅವನು ಎಡಗೈಯಲ್ಲಿ ಹಿಡಿದು ಕುಡಿದ. ಅರ್ಧ ಕುಡಿದವನು, "ರಿಪೋರ್ಟ್ ತಿದ್ದಬೇಕು ಭಾನು" ಎಂದ. ಅವಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು.

ಮನೆಗೆ ಬಂದವನು ಎಡಗೈಯ ಒಂದೇ ಬೆರಳಲ್ಲಿ ಒತ್ತಿ ಒತ್ತಿ ತಿದ್ದಿದ. ಲ್ಯಾಪ್‌ಟಾಪು ಹಗುರವಾಗಿದೆ, ತಿರುಗಾಡುವ ಕೆಲಸಕ್ಕೆ ತಕ್ಕುದಾಗಿದೆ, ಎಲ್ಲರಿಗೂ ಕೊಡಬಹುದು. ತನ್ನ ಕಾಯಿಲೆಯ ಸುದ್ದಿಯನ್ನು ಬರೆಯಲಿಲ್ಲ. ಆದರೆ ಅಂಥ ಸುದ್ದಿ ಎಷ್ಟು ದಿನ ಮುಚ್ಚಿದ್ದೀತು? ಅರಕಲಗೂಡಿನಲ್ಲಿ ಒಬ್ಬ ಅಜ್ಜಿಯ ಕಿವಿಗೆ ಮಿಷನ್ ಕೂರಿಸಲಾರದೆ ಕೈ ಜಾರಿ, ಅಜ್ಜಿಯ ಕೆನ್ನೆಗೆ ಗೀರು ಬಿತ್ತು. ಅದು ಕಂಪನಿಗೆ ಮುಟ್ಟಿತು. ಶಶಿಕಿರಣ್ ಕೆಟ್ಟವರಲ್ಲ, ಹಾಸನದ ಶಾಖೆಯಲ್ಲೇ ಕುಳಿತು ಫೋನು ನೋಡಿಕೊಳ್ಳಿ ಎಂದರು. ಊರು ತಿರುಗುವ ಕೆಲಸಕ್ಕೆ ಯಶೋಧರಾ ಎಂಬ ಹೊಸ ಹುಡುಗಿ ಬಂದಳು. ಯಾವ ಊರಿನಲ್ಲಿ ಯಾರು ಬರುತ್ತಾರೆ, ಯಾರಿಗೆ ಎಡಗಿವಿ, ಯಾರಿಗೆ ಜೋರಾಗಿ ಹೇಳಿದರೆ ಸಿಟ್ಟು ಎಂದು ಅವನು ಹೇಳಿಕೊಟ್ಟ. ಅವಳು ಆ ಲ್ಯಾಪ್‌ಟಾಪನ್ನು ಕಂಕುಳಲ್ಲಿ ಇರುಕಿಕೊಂಡು, "ಬತ್ತೀನಿ ಸಾ" ಎಂದು ಬಸ್ಸಿಗೆ ಓಡಿದಳು. ಫೋನಿನ ಕೆಲಸವೂ ಅವನಿಗೆ ಬಹಳ ದಿನ ದಕ್ಕಲಿಲ್ಲ. ಎಡಗೈಯೂ ಸೋತಿತು. ಮಾತು ತೊದಲತೊಡಗಿತು. ಅವನಿಗಾಗಿ ಭಾನುಪ್ರಿಯಾ ಡೈರಿಯಲ್ಲಿ ಬೆಳಗಿನ ಪಾಳಿ ಬಿಟ್ಟಳು.

ಈ ವರ್ಷ ಶಿವರಾತ್ರಿಯ ಹೊತ್ತಿಗೆ ಅವನ ಸೋದರತ್ತೆ ಹೊನ್ನಕ್ಕ ಹಳ್ಳಿಮೈಸೂರಿನಿಂದ ಅವನನ್ನು ನೋಡಲು ಬಂದಳು. ಮಿಷನ್ ಹಾಕಿಕೊಂಡಿದ್ದಳು, ಧರ್ಮೇಂದ್ರನೇ ಹಿಂದೆ ಹಾಕಿಕೊಟ್ಟದ್ದು. ಮಂಚದ ಪಕ್ಕ ಕುಳಿತು ಅವನ ತಲೆ ಸವರಿದಳು. ಅವನು ಏನೋ ಹೇಳಿದ. ಅವಳು ಕಿವಿಗೆ ಕೈ ಹಚ್ಚಿ ಬಾಗಿದಳು. ಅವನು ಮತ್ತೆ ಹೇಳಿದ.

"ಮಿಷನ್ನು ಕೆಟ್ಟೋಗದೆ ಕಣೇ ಭಾನು" ಎಂದಳು ಹೊನ್ನಕ್ಕ. "ಇವ್ನು ಏಳಾದು ಒಂದೂ ಕೇಳಾಕಿಲ್ಲ. ಇವನ್ ಕೈಲೇ ವಸಿ ಸರಿ ಮಾಡ್ಸು."

ಭಾನುಪ್ರಿಯಾ ಮಿಷನ್ನನ್ನು ಅವಳ ಕಿವಿಯಿಂದ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿದಳು. "ಈಗ ಕೇಳ್ತದಾ ಅತ್ತೆ?"

"ಕೇಳ್ತದೆ. ನಿಂದು ಸೆಂದಾಗಿ ಕೇಳ್ತದೆ" ಎಂದು ಹೊನ್ನಕ್ಕ ಮಂಚದ ಕಡೆ ತಿರುಗಿದಳು. "ಏನಂದೆ, ಏಳಪ್ಪ ಈಗ."

ಧರ್ಮೇಂದ್ರ ಅವಳನ್ನೇ ನೋಡುತ್ತ ಸುಮ್ಮನೆ ಮಲಗಿದ್ದ. ಭಾನುಪ್ರಿಯಾ ಅವನ ತುಟಿಯಂಚನ್ನು ಒರೆಸಿ, ಮಧ್ಯಾಹ್ನದ ಗಂಜಿ ಮಾಡಲು ಒಳಗೆ ಹೋದಳು.