ಇಟಾಲಿಯನ್ ಕಲಿತು ಏನ್ ಮಾಡ್ತೀಯ?

ಸಿಟ್ಟು ಬಂದಾಗ ನಾನು ಚಪಾತಿ ಲಟ್ಟಿಸುತ್ತೇನೆ. ಬೈಯುವುದಕ್ಕಿಂತ ಇದು ವಾಸಿ. ಹಿಟ್ಟು ತಿರುಗಿ ಮಾತಾಡುವುದಿಲ್ಲ. ಈ ವರ್ಷ ಜನವರಿಯಿಂದ ನಮ್ಮ ಮನೆಯ ಚಪಾತಿ ಎಷ್ಟು ತೆಳುವಾಗಿದೆಯೆಂದರೆ, ಎತ್ತಿ ಹಿಡಿದರೆ ಆಚೆಯ ಕಿಟಕಿ ಕಾಣುತ್ತದೆ. ಇದರ ಮೂಲ ಅರಿಯದ ನನ್ನ ಗಂಡ ಶ್ರೀಧರ್, ಇತ್ತೀಚೆಗೆ ನಿನ್ನ ಕೈ ಚೆನ್ನಾಗಿ ಕುದುರಿದೆ ಎಂದು ಹೊಗಳಿ ಇನ್ನೆರಡು ಹಾಕಿಸಿಕೊಳ್ಳುತ್ತಾರೆ. ಅದನ್ನು ಕೇಳಿ ನನ್ನ ಸಿಟ್ಟು ಏರುತ್ತದೆ, ಮುಂದಿನ ಚಪಾತಿ ಇನ್ನೂ ತೆಳುವಾಗುತ್ತದೆ.

ವಿಷಯ ಇಷ್ಟೆ. ನನಗೆ ನಲವತ್ತಾರು. ನಾವಿರುವ ಕಾರ್ಕ್ ನಗರದ ವಿಶ್ವವಿದ್ಯಾಲಯದಲ್ಲಿ ಇಟಾಲಿಯನ್ ಮತ್ತು ಸ್ಪ್ಯಾನಿಷ್ ಓದಬೇಕೆಂದು ಆಸೆಯಾಗಿದೆ. ಐರ್ಲೆಂಡಿನಲ್ಲಿ ನನ್ನಂಥ ವಯಸ್ಸಿನವರೂ ಅರ್ಜಿ ಹಾಕಿ ಹುಡುಗರ ಪಕ್ಕದ ಬೆಂಚಿನಲ್ಲಿ ಕೂರಬಹುದು. ಕೆಲಸವನ್ನೂ ಬಿಡುವುದಿಲ್ಲ, ವಾರಾಂತ್ಯದ ಪಾಳಿಗೆ ಹೋಗುತ್ತೇನೆಂದು ಮ್ಯಾನೇಜರ್ ಹತ್ತಿರ ಮಾತಾಡಿಯಾಗಿದೆ. ಇಷ್ಟು ಹೇಳಿದ್ದೇ ತಡ, ಶ್ರೀಧರ್ ಮೊದಲುಗೊಂಡು ಕಂಡಕಂಡವರೆಲ್ಲ ಕೇಳತೊಡಗಿದರು: ಕಲಿತು ಏನ್ ಮಾಡ್ತೀಯ?

ಯುಗಾದಿ ಊಟಕ್ಕೆ ಸೇರಿದಾಗ ಗೆಳತಿ ಲತಾ ನನ್ನ ಎಲೆಗೆ ಒಬ್ಬಟ್ಟು ಹಾಕುತ್ತಲೇ ಕೇಳಿದಳು. ಓದಲೇಬೇಕು ಅನಿಸಿದರೆ ಉಪಯೋಗಕ್ಕೆ ಬರುವಂಥದ್ದು ಓದಬಾರದೇ ಎಂದಳು. ಅವಳ ಗಂಡ ಪ್ರತಿ ಭಾನುವಾರ ಗಾಲ್ಫ್ ಆಡುತ್ತಾನೆ. ಆ ಪುಟ್ಟ ಚೆಂಡನ್ನು ತೂತಿಗೆ ಹಾಕಿ ಏನು ಮಾಡ್ತೀರಿ ಎಂದು ನಾನು ಎಂದಾದರೂ ಕೇಳಿದ್ದೇನೆಯೇ? ನನ್ನ ಹದಿನಾಲ್ಕರ ಮಗಳಂತೂ ಫೋನಿನಿಂದ ತಲೆಯೆತ್ತದೆ 'ಗ್ರ್ಯಾಂಡ್' ಎಂದಳು. ಈ ಊರಿನಲ್ಲಿ ಆ ಮಾತಿಗೆ ಭರ್ಜರಿ ಎಂಬ ಅರ್ಥವಿಲ್ಲ, ಆಯ್ತು ಬಿಡು ಎಂದಷ್ಟೇ. ಆದರೂ ಕಾರಣ ಕೇಳದವಳು ಅವಳೊಬ್ಬಳೇ.

ಕಾರಣ ಎಂದರೆ ನನಗೆ ಮೈ ಉರಿಯುವುದಕ್ಕೂ ಕಾರಣವಿದೆ. ನಾನು ಕೆಲಸ ಮಾಡುವುದು ಕಾರ್ಕ್ ಪಕ್ಕದ ರಿಂಗಾಸ್ಕಿಡಿ ಊರಿನ ಔಷಧ ಕಾರ್ಖಾನೆಯೊಂದರ ಲ್ಯಾಬಿನಲ್ಲಿ. ಅಲ್ಲಿ ಒಂದು ಅಂಕಿ ತಪ್ಪಿದರೂ ಅಳಿಸುವಂತಿಲ್ಲ. ತಪ್ಪಿನ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸಹಿ ಮಾಡಿ, ತಾರೀಖು ಹಾಕಿ, ಯಾಕೆ ತಿದ್ದಿದೆ ಎಂದು ಬರೆಯಬೇಕು. ಕಾರಣವಿಲ್ಲದೆ ನಮ್ಮಲ್ಲಿ ಏಳು ಒಂಬತ್ತಾಗುವುದಿಲ್ಲ. ಹದಿನಾಲ್ಕು ವರ್ಷ ದಿನವಿಡೀ ಕಾರಣ ಬರೆದು ಮನೆಗೆ ಬಂದರೆ ಇಲ್ಲಿ ಆಸೆಗೂ ಕಾರಣ ಬರೆದುಕೊಡಬೇಕಂತೆ.

ಆಸೆ ಹುಟ್ಟಿದ್ದು ಅದೇ ಕಾರ್ಖಾನೆಯ ಕ್ಯಾಂಟೀನಿನಲ್ಲಿ. ಅಲ್ಲಿ ಇಟಲಿಯ ಪಾವ್ಲಾ, ಸ್ಪೇನಿನ ಹಾವಿಯೆರ್ ದಿನಾ ಕಾಫಿ ಕುಡಿಯುತ್ತಾ ಜಗಳವಾಡುತ್ತಾರೆ. ಅವಳು ಇಟಾಲಿಯನ್‌ನಲ್ಲಿ ದಬಾಯಿಸುತ್ತಾಳೆ, ಅವನು ಸ್ಪ್ಯಾನಿಷ್‌ನಲ್ಲಿ ಉತ್ತರ ಕೊಡುತ್ತಾನೆ. ಯಾರೂ ತಮ್ಮ ಭಾಷೆ ಬಿಡುವುದಿಲ್ಲ, ಇಬ್ಬರಿಗೂ ಎಲ್ಲ ತಿಳಿಯುತ್ತದೆ. ಎರಡೂ ಲ್ಯಾಟಿನ್ನಿನ ಮಕ್ಕಳಲ್ಲವೇ, ಅಕ್ಕತಂಗಿಯರ ಜಗಳದಂತೆ ಸರಾಗ. ನಾನು ಹುಟ್ಟಿದ್ದು ಕೋಲಾರದಲ್ಲಿ. ನಮ್ಮ ಬೀದಿಯ ನಲ್ಲಿಯ ಹತ್ತಿರ ಅಜ್ಜಿ ಕನ್ನಡದಲ್ಲಿ ಬೈದರೆ ಎದುರುಮನೆಯವರು ತೆಲುಗಿನಲ್ಲಿ ಹಿಂದಿರುಗಿಸುತ್ತಿದ್ದರು, ಒಂದು ಬೈಗುಳವೂ ದಾರಿಯಲ್ಲಿ ಚೆಲ್ಲುತ್ತಿರಲಿಲ್ಲ. ಅಂಥ ಬೀದಿಯಲ್ಲಿ ಬೆಳೆದ ನಾನು ಒಂದು ಒಳ್ಳೆಯ ಜಗಳದ ಹೊರಗೆ ಪೆದ್ದುಪೆದ್ದಾಗಿ ನಿಂತದ್ದು ಅದೇ ಮೊದಲು. ಹೊಟ್ಟೆಕಿಚ್ಚಾಯಿತು. ಇದನ್ನು ಅರ್ಜಿಯಲ್ಲಿ ಬರೆಯಲಾಗುತ್ತದೆಯೇ? 'ಯಾಕೆ ಓದಬಯಸುತ್ತೀರಿ' ಎಂಬ ಪುಟದಲ್ಲಿ ಸಂಸ್ಕೃತಿ, ಜಗತ್ತು, ಸೇತುವೆ ಎಂದೆಲ್ಲ ಸುಳ್ಳು ತುಂಬಿಸಿದೆ.

ಅರ್ಜಿಯಲ್ಲಿ ಹತ್ತು ಕೋರ್ಸುಗಳನ್ನು ಇಷ್ಟದ ಕ್ರಮದಲ್ಲಿ ಬರೆಯಬಹುದು. ನಾನು ಒಂದನ್ನೇ ಬರೆದಿದ್ದೆ. ಕಾಗದಪತ್ರ ಸ್ಕ್ಯಾನ್ ಮಾಡಿ ಕಳಿಸುವುದನ್ನು ಶ್ರೀಧರ್‌ಗೆ ಬಿಟ್ಟೆ. ಅಂಥದ್ದರಲ್ಲಿ ಅವರದು ಎತ್ತಿದ ಕೈ. ಮೇ ತಿಂಗಳ ಮೊದಲ ವಾರ ನನಗೆ ಸಂದರ್ಶನಕ್ಕೆ ಕರೆ ಬಂತು, ಡೇಟಾ ಅನಲಿಟಿಕ್ಸ್ ವಿಭಾಗದಿಂದ. ಪಟ್ಟಿ ತೆಗೆದು ನೋಡಿದರೆ ಮೊದಲ ಸಾಲಿನಲ್ಲಿ ಅದು ಕುಳಿತಿದೆ, ನನ್ನ ಭಾಷೆಗಳು ಎರಡನೆಯ ಸಾಲಿನಲ್ಲಿ.

"ಸುಮ್ನೆ ಮೇಲೊಂದು ಹಾಕಿದೆ ಕಣೆ," ಎಂದರು ಶ್ರೀಧರ್. "ದೊಡ್ಡ ಕೋರ್ಸು ಮೇಲಿದ್ರೆ ನೋಡೋಕೂ ಚೆನ್ನಾಗಿರತ್ತೆ. ಅದು ಸಿಗದಿದ್ರೆ ಕೆಳಗಿಂದು ಹೇಗೂ ಸಿಗತ್ತೆ. ಸಿಇಟಿಲಿ ನಾವೆಲ್ಲ ಹಂಗೇ ಅಲ್ವಾ ಮಾಡಿದ್ದು?"

ಹೌದು, ಹಾಗೇ ಮಾಡಿದ್ದೆವು. ನಮ್ಮ ಕಡೆ ಮೊದಲ ಸಾಲು ಇರುವುದು ಸೋದರಮಾವಂದಿರಿಗೆ ಹೇಳಿಕೊಳ್ಳಲು. ಆದರೆ ಮೇಲಿನದು ಸಿಕ್ಕಿಬಿಟ್ಟರೆ? ಕೆಳಗಿನವೆಲ್ಲ ತಾವಾಗಿಯೇ ರದ್ದು. ಹದಿನಾಲ್ಕು ವರ್ಷ ಲ್ಯಾಬಿನ ಅಂಕಿಗಳ ಜೊತೆ ಏಗಿದವಳನ್ನು ಆ ವಿಭಾಗ ಸುಮ್ಮನೆ ಬಿಡುತ್ತದೆಯೇ?

ಅವತ್ತು ಚಪಾತಿ ಲಟ್ಟಿಸಲಿಲ್ಲ, ಬೈದೆ. ಕನ್ನಡದಲ್ಲಿ ಶುರು ಮಾಡಿ, ಸಾಲದೆ ಬಂದು ಅಜ್ಜಿಯ ಎದುರುಮನೆಯ ತೆಲುಗಿಗೂ ಹೋಗಿಬಂದೆ. ಮಗಳು ಕಿವಿಯಿಂದ ಹೆಡ್‌ಫೋನ್ ತೆಗೆದು ಕೇಳಿದಳು.

"ಇಪ್ಪತ್ತು ವರ್ಷದಲ್ಲಿ ನಂಗೆ ಅಂತ ಒಂದೇ ಒಂದು ಕೇಳಿದೆ ರೀ," ಎಂದೆ. "ಅದನ್ನೂ ಎರಡನೇ ಸಾಲಿಗೆ ತಳ್ಳಿದ್ರಿ."

ಅವರು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿಟ್ಟು ಎದ್ದರು. ಎದುರು ಮಾತಾಡಿದ್ದರೆ ಇನ್ನೂ ಅರ್ಧ ಗಂಟೆ ಆಗುತ್ತಿತ್ತು.

ಪುಣ್ಯಕ್ಕೆ, ಮನಸ್ಸು ಬದಲಾಯಿಸುವವರಿಗೆಂದೇ ಇಲ್ಲಿ ಬೇಸಿಗೆಯಲ್ಲಿ ಕೆಲವು ವಾರ ಪಟ್ಟಿಯನ್ನು ತೆರೆದಿಡುತ್ತಾರೆ. ನಾನೇ ಕೂತು ಮೊದಲ ಸಾಲನ್ನು ತೆಗೆದೆ. ಎರಡನೆಯದನ್ನು ಮೇಲೆ ತಂದೆ. ಉಳಿದ ಒಂಬತ್ತು ಸಾಲು ಖಾಲಿ ಬಿಟ್ಟೆ. ಆಮೇಲೆ ಅಭ್ಯಾಸಬಲದಿಂದ ಯಾಕೆ ತಿದ್ದಿದೆ ಎಂದು ಬರೆಯುವ ಜಾಗ ಹುಡುಕಿದೆ. ಮೇಲೆ ಕೆಳಗೆ ಎರಡು ಸಲ ನೋಡಿದೆ, ಇರಲಿಲ್ಲ. ಪರದೇಶದ ಒಂದು ವೆಬ್‌ಸೈಟು ಯಾಕಮ್ಮ ಎಂದು ಕೇಳದೆ ನನ್ನ ಮಾತು ನಂಬಿತು. ಅಷ್ಟಾದರೂ ಮನೆಯವರ ಕೈಯಲ್ಲಿ ಆಗಲಿಲ್ಲವಲ್ಲ ಎಂದು ಜೂನ್ ಇಡೀ ಲಟ್ಟಣಿಗೆ ಸವೆಸಿದೆ.

ಜುಲೈಯಲ್ಲಿ ಸೀಟು ಸಿಕ್ಕಿತು. ಪತ್ರವನ್ನು ನನಗಿಂತ ಮೊದಲು ಓದಿದವರು ಶ್ರೀಧರ್. ಅದನ್ನು ಹಿಡಿದುಕೊಂಡೇ ಅಡುಗೆಮನೆಗೆ ಬಂದು ಒಲೆಯ ಪಕ್ಕ ನಿಂತರು. ಮತ್ತೆ ಅದೇ ಪ್ರಶ್ನೆ ಬರುತ್ತದೆಂದು ನಾನು ಲಟ್ಟಣಿಗೆ ಬಿಗಿಯಾಗಿ ಹಿಡಿದೆ.

"ಇದಕ್ಕೆ ಇಟಾಲಿಯನ್‌ನಲ್ಲಿ ಏನಂತಾರೆ?" ಎಂದು ಮಣೆಯ ಮೇಲಿದ್ದ ಚಪಾತಿ ತೋರಿಸಿದರು.

"ಗೊತ್ತಿಲ್ಲ ರೀ," ಎಂದೆ. "ಅದಕ್ಕೇ ಹೋಗ್ತಿರೋದು."

ಆರು ತಿಂಗಳಿಂದ ಊರೆಲ್ಲ ಕೇಳಿದ್ದಕ್ಕೆ ಉತ್ತರ ಇಷ್ಟೇ ಇತ್ತು. ಅರ್ಜಿಯ ಆ ಪುಟದಲ್ಲಿ ಸೇತುವೆ ಕಟ್ಟುವ ಅಗತ್ಯವೇ ಇರಲಿಲ್ಲ. ಅವತ್ತಿನ ಚಪಾತಿ ದಪ್ಪಗಾಯಿತು. ಶ್ರೀಧರ್ ಎರಡು ಕೈಯಲ್ಲಿ ಹಿಡಿದು ಹರಿಯುತ್ತಾ, ಇವತ್ತು ಯಾಕೆ ಹೀಗಾಗಿದೆ ಎಂದು ಕೇಳಿದರು. ನಾನು ಕಾರಣ ಹೇಳಲಿಲ್ಲ.