ರಿವರ್ಸ್ ಗೇರು

ತೀರ್ಥಹಳ್ಳಿಯಲ್ಲಿ ನನ್ನ ಟೈಲರಿಂಗ್ ಅಂಗಡಿಯ ಪಕ್ಕದಲ್ಲೇ, ನಾನು ಅಕ್ಕ ಎಂದೇ ಕರೆಯುತ್ತಿದ್ದ ಹೆಂಗಸೊಬ್ಬರ ಪುಟ್ಟ ಬಟ್ಟೆ ಅಂಗಡಿ ಇತ್ತು. ಪೇಟೆಗೆ ದೊಡ್ಡ ಮಳಿಗೆಗಳು ಬಂದ ಮೇಲೆ ಗಿರಾಕಿಗಳು ಕಡಿಮೆಯಾದರು. ಹಳ್ಳಿಗಳಿಗೇ ಬಟ್ಟೆ ಒಯ್ದು ಮಾರೋಣವೆಂದು ಅವರು ಹಳೆಯ ವ್ಯಾನೊಂದನ್ನು ಕೊಂಡರು, ಡ್ರೈವಿಂಗ್ ಲೈಸೆನ್ಸೂ ಮಾಡಿಸಿದರು. ಆದರೆ ಒಬ್ಬರೇ ಓಡಿಸಲು ವಿಪರೀತ ಭಯ. ದಿನಾ ಬೆಳಿಗ್ಗೆ ವ್ಯಾನಿನ ಗಾಜು ಒರೆಸಿ, ಕೀಲಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು, "ನಾಳೆ ನೋಡಣ ಕಣೆ" ಎನ್ನುತ್ತಿದ್ದರು.

ಒಂದು ದಿನ ನಾನೇ ವ್ಯಾನು ಹತ್ತಿ ಕೂತೆ. "ಇವತ್ತೇ ಹೋಗಣ ಅಕ್ಕ, ನಾನೂ ಬರ್ತೀನಿ."

ಮೇಗರವಳ್ಳಿ ದಾಟಿ ಒಳಗಿನ ಕಿರಿದಾದ ರಸ್ತೆಗೆ ತಿರುಗಿದ್ದೇ ತಡ, ಎದುರಿಗೆ ಬಸ್ಸು! "ಅಕ್ಕಾ, ಹಿಂದೆ ತಗಳ್ಳಿ!" ಎಂದು ಕಂಡಕ್ಟರ್ ಕೂಗಿದ.

"ರಿವರ್ಸ್ ನಂಗೆ ಸರಿ ಬರಲ್ಲ ಕಣೆ" ಎಂದರು ಅಕ್ಕ. ನನಗಂತೂ ಸ್ಟೇರಿಂಗ್ ಹಿಡಿದೇ ಗೊತ್ತಿಲ್ಲ. ಬಸ್ಸು ಹಾರ್ನ್ ಹೊಡೆಯಿತು. ಅಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಲ್ಲು ಕಚ್ಚಿ ಗೇರು ಹಾಕಿದರು. ವ್ಯಾನು ಅತ್ತ ಇತ್ತ ಹೊರಳುತ್ತ, ಚರಂಡಿಯ ಅಂಚನ್ನು ಸವರಿಕೊಂಡು, ಹಿಂದಿನ ತಿರುವಿನ ಅಗಲ ಜಾಗಕ್ಕೆ ಬಂದು ನಿಂತಿತು. ಬಸ್ಸಿನೊಳಗಿಂದ ಚಪ್ಪಾಳೆಯೋ ಚಪ್ಪಾಳೆ!

ಬಸ್ಸು ಪಕ್ಕಕ್ಕೆ ಬಂದಾಗ ಕಿಟಕಿಯಲ್ಲಿದ್ದ ಹೆಂಗಸೊಬ್ಬರು ವ್ಯಾನಿನೊಳಗೆ ನೇತುಹಾಕಿದ್ದ ಬಟ್ಟೆ ಕಂಡು, "ಆ ಹಸಿರು ನೈಟಿ ತೋರ್ಸಿ ಅಕ್ಕ" ಎಂದರು. ನೋಡನೋಡುತ್ತಿದ್ದಂತೆ ನಾಲ್ಕಾರು ಹೆಂಗಸರು ಕೆಳಗಿಳಿದರು. ಸೀಟಿ ಊದಿ ಊದಿ ಸುಸ್ತಾದ ಕಂಡಕ್ಟರ್ ತಾನೂ ಮಗಳಿಗೊಂದು ಫ್ರಾಕು ಆರಿಸಿಕೊಂಡ.

ಬಸ್ಸು ಹೋದ ಮೇಲೆ ನಾನು ಸೀಟಿನಲ್ಲಿ ಕೂತು ಬಾಗಿಲನ್ನು ಭದ್ರವಾಗಿ ಹಾಕಿಕೊಂಡೆ. "ಇವತ್ತಿಗೆ ಸಾಕು ಅಕ್ಕ, ಮನೆಗೆ ಹೋಗಣ" ಎಂದೆ.

"ಎಂತ ಸಾಕು? ಗಟ್ಟಿ ಹಿಡ್ಕಂಡು ಕೂತ್ಕ!" ಎನ್ನುತ್ತ ಅವರು ವ್ಯಾನನ್ನು ಆಗುಂಬೆಯ ಕಡೆಗೆ ತಿರುಗಿಸಿದರು.